ಏಂಜೆಲಿಕಾ ಬೇರಿನಲ್ಲಿ ಕಸ್ತೂರಿ ಎಲ್ಲಿದೆ?

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಹವ್ಯಾಸಕ್ಕೆ ಪರ್ಫ್ಯೂಮ್ ಬೆರೆಸುತ್ತೇನೆ. ಏಂಜೆಲಿಕಾ ಬೇರಿನ ಎಣ್ಣೆಯಲ್ಲಿ ಕಸ್ತೂರಿ ಪರಿಮಳ ಇದೆ ಅಂತ ಓದಿ 5 ಮಿಲಿ ತರಿಸಿಕೊಂಡೆ. ಮುಚ್ಚಳ ತೆಗೆದರೆ ಮೆಣಸು, ಹಸಿ ಬೇರು, ಮಣ್ಣು, ಸ್ವಲ್ಪ ಟರ್ಪೆಂಟೈನ್ ಥರ. ಕಸ್ತೂರಿಯ ಸುಳಿವೇ ಇಲ್ಲ. ದುಡ್ಡು ಜಾಸ್ತಿನೇ ಕೊಟ್ಟಿದ್ದೇನೆ. ನಾನು ಮೋಸ ಹೋದೆನಾ? ಇದನ್ನು ಹೇಗೆ ಬಳಸಬೇಕು? ಮೈಗೆ ಹಚ್ಚಬಹುದಾ?
– ಒಬ್ಬ ಓದುಗ, ಮೈಸೂರು

ಉತ್ತರ: ಬಾಟಲಿ ಮೂಸಿ ಇದನ್ನು ಹೇಳಲು ಆಗುವುದಿಲ್ಲ. ನೀವು ಬರೆದ ಮೆಣಸು, ಹಸಿ ಬೇರು, ಟರ್ಪೆಂಟೈನ್ ಎಲ್ಲವೂ ಒಳ್ಳೆಯ ಏಂಜೆಲಿಕಾ ಬೇರಿನ ಎಣ್ಣೆಯಲ್ಲೂ ಇರುತ್ತವೆ. ಕಸ್ತೂರಿ ಇದ್ದರೆ ಅದು ಸಿಗುವುದು ನಾಳೆ ಬೆಳಿಗ್ಗೆ. ಹಾಗಾಗಿ ಇವತ್ತು ಸಂಜೆ ಒಂದು ಕೆಲಸ ಮಾಡಿ.

ಒಂದು ಹನಿ ಎಣ್ಣೆಗೆ ಒಂಬತ್ತು ಹನಿ ಪರ್ಫ್ಯೂಮ್ ಆಲ್ಕೋಹಾಲ್ ಸೇರಿಸಿ. ವಾಸನೆ ನೋಡುವ ಕಾಗದದ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ. ಪಟ್ಟಿ ಇಲ್ಲದಿದ್ದರೆ ದಪ್ಪನೆಯ ಬಿಳಿ ಡ್ರಾಯಿಂಗ್ ಹಾಳೆ ಕತ್ತರಿಸಿಕೊಂಡರೂ ಆಯಿತು. ಅದರ ಮೇಲೆ ಹೆಸರು, ಗಂಟೆ ಬರೆಯಿರಿ. ಒಗ್ಗರಣೆ, ಊದುಬತ್ತಿ ವಾಸನೆ ತಾಗದ ಕೋಣೆಯಲ್ಲಿ ಇಡಿ.

ಮೊದಲ ಹತ್ತು ನಿಮಿಷ ನೀವು ಬರೆದದ್ದೇ ಸಿಗುತ್ತದೆ. ಚುರುಕು, ಮೆಣಸು, ಪೈನ್ ಮರದ ಅಂಟು. ಒಂದು ಗಂಟೆ ಕಳೆದ ಮೇಲೆ ಹಸಿರು ಮತ್ತು ಮಣ್ಣು ಮುಂದೆ ಬರುತ್ತವೆ. ಕೊತ್ತಂಬರಿ ಸೊಪ್ಪಿನ ಕಟ್ಟು ತಂದಾಗ ಬೇರು ಕತ್ತರಿಸಿ ಎಸೆಯುತ್ತೇವಲ್ಲ, ಆ ಬೇರನ್ನು ತೊಳೆದು ಜಜ್ಜಿ ನೋಡಿ. ಅದಕ್ಕೆ ಹತ್ತಿರದ ಘಮ. ಹತ್ತಿರ ಇರಲೇಬೇಕು, ಏಕೆಂದರೆ ಇವೆರಡೂ ಒಂದೇ ಕುಟುಂಬದ ಗಿಡಗಳು. ಜೀರಿಗೆ, ಸೋಂಪು, ಓಮ, ಇಂಗು, ಕ್ಯಾರೆಟ್ ಎಲ್ಲ ಆ ಕುಟುಂಬದವೇ. ನಾಲ್ಕೈದು ಗಂಟೆಗೆ ಹಸಿರು ಇಳಿದು ಒಣ ಹುಲ್ಲು, ಒಣ ಮರ ಉಳಿಯುತ್ತದೆ. ಬೆಳಿಗ್ಗೆ ಕಾಫಿಗೆ ಮುಂಚೆ ಪಟ್ಟಿಯನ್ನು ಮೂಗಿನ ಹತ್ತಿರ ತನ್ನಿ. ಮೆಣಸು ಹೋಗಿರುತ್ತದೆ. ಉಳಿದಿರುವುದು ತುಂಬ ಮೆತ್ತನೆಯದು, ಸ್ವಲ್ಪ ಬೆಚ್ಚನೆಯದು. ಎಳೆ ಮಗುವಿನ ನೆತ್ತಿ ಮೂಸಿದ ಹಾಗೆ. ಬಿಸಿಲಲ್ಲಿ ಒಣಗಿದ ಹತ್ತಿ ಸೀರೆ ಮಡಿಸುವಾಗ ಬರುವ ಹಾಗೆ. ಅದೇ ನೀವು ಹುಡುಕುತ್ತಿದ್ದ ಕಸ್ತೂರಿ.

ಇಷ್ಟು ತಡ ಯಾಕೆ? ಈ ಎಣ್ಣೆಯ ಬಹುಪಾಲು ಪೈನೀನ್, ಕ್ಯಾರೀನ್, ಫೆಲಾಂಡ್ರೀನ್, ಲಿಮೊನೀನ್ ಎಂಬ ಹಗುರ ವಸ್ತುಗಳು. ಒಂದೊಂದು ಅಣುವಿನಲ್ಲೂ ಹತ್ತು ಇಂಗಾಲ. ಕಾಗದ ತಾಗಿದ ತಕ್ಷಣ ಹಾರಲು ಶುರು ಮಾಡುತ್ತವೆ. ಕಸ್ತೂರಿ ಪರಿಮಳ ಕೊಡುವುದು ಬೇರೆ. ಪೆಂಟಾಡೆಕನೊಲೈಡ್ ಅಂತ ಅದರ ಹೆಸರು. ಹದಿನೈದು ಇಂಗಾಲ ಮತ್ತು ಒಂದು ಆಮ್ಲಜನಕ ಕೈ ಕೈ ಹಿಡಿದು ನಿಂತ ದೊಡ್ಡ ಉಂಗುರ. ಜೊತೆಗೆ ಅದರ ತಮ್ಮನಂಥ ಟ್ರೈಡೆಕನೊಲೈಡ್ ಕೂಡ ಇದೆ. ಎಣ್ಣೆಯಲ್ಲಿ ಇಂಥವು ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ. ಪ್ರಮಾಣ ಸ್ವಲ್ಪ, ತೂಕ ಜಾಸ್ತಿ, ನಡಿಗೆ ನಿಧಾನ. ಮೇಲಿನ ಗಲಾಟೆ ಮುಗಿಯುವವರೆಗೆ ನಮ್ಮ ಮೂಗಿಗೆ ಅವು ಕಾಣಿಸುವುದೇ ಇಲ್ಲ.

ಈ ಉಂಗುರಕ್ಕೆ ಒಂದು ಚರಿತ್ರೆ ಇದೆ. ನನಗೆ ತುಂಬ ಇಷ್ಟವಾದದ್ದು, ಹಾಗಾಗಿ ಹೇಳದೆ ಮುಂದೆ ಹೋಗಲಾರೆ. ಕಸ್ತೂರಿ ಮೃಗದ ಕಸ್ತೂರಿಯಿಂದ ಪರಿಮಳದ ವಸ್ತುವನ್ನು 1906ರಲ್ಲೇ ಬೇರೆ ಮಾಡಿದ್ದರು. ಮಸ್ಕೋನ್ ಅಂತ ಹೆಸರನ್ನೂ ಇಟ್ಟಿದ್ದರು. ಆದರೆ ಅದರ ಆಕಾರ ಗೊತ್ತಿರಲಿಲ್ಲ. ಐದಾರು ಪರಮಾಣುಗಳ ಉಂಗುರ ಗಟ್ಟಿ, ಅದಕ್ಕಿಂತ ತುಂಬ ದೊಡ್ಡದಾದರೆ ಎಳೆತಕ್ಕೆ ನಿಲ್ಲುವುದಿಲ್ಲ ಅಂತ ಆಗಿನ ರಸಾಯನಶಾಸ್ತ್ರಜ್ಞರು ನಂಬಿದ್ದರು. 1926ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಲಿಯೊಪೋಲ್ಡ್ ರುಜಿಚ್ಕಾ ಆ ನಂಬಿಕೆಯನ್ನು ಮುರಿದರು. ಪುನುಗಿನ ಪರಿಮಳದ ವಸ್ತುವಿನಲ್ಲಿ ಹದಿನೇಳು ಇಂಗಾಲದ ಉಂಗುರ, ಕಸ್ತೂರಿಯದರಲ್ಲಿ ಹದಿನೈದರ ಉಂಗುರ ಅಂತ ತೋರಿಸಿದರು.

ಅದು ಪ್ರಾಣಿಗಳ ಮಾತಾಯಿತು. ಗಿಡದ ಮಾತು ಮರುವರ್ಷ ಬಂತು. 1927ರಲ್ಲಿ ಮ್ಯಾಕ್ಸ್ ಕೆರ್ಶ್‌ಬೌಮ್ ಎಂಬ ಜರ್ಮನ್ ವಿಜ್ಞಾನಿ ಎರಡು ಗಿಡಗಳ ಎಣ್ಣೆಯಲ್ಲಿ ಇಂಥದ್ದೇ ದೊಡ್ಡ ಉಂಗುರಗಳನ್ನು ಕಂಡುಹಿಡಿದರು. ಒಂದು ನಿಮ್ಮ ಬಾಟಲಿಯಲ್ಲಿರುವ ಏಂಜೆಲಿಕಾ ಬೇರು. ಇನ್ನೊಂದು ಯಾವುದು ಗೊತ್ತಾ? ನಮ್ಮ ಕಾಡುಕಸ್ತೂರಿ ಬೀಜ. ಬೆಂಡೆ ಗಿಡದ ಹಾಗೆ ಕಾಣುವ, ಹಳದಿ ಹೂ ಬಿಡುವ, ಕಸ್ತೂರಿ ಬೆಂಡೆ ಅಂತಲೂ ಕರೆಯುವ ಗಿಡ. ಅದರ ಬೀಜದಲ್ಲಿರುವ ಉಂಗುರಕ್ಕೆ ಆಂಬ್ರೆಟೊಲೈಡ್ ಅಂತ ಹೆಸರು. ಹಿಮದ ನಾಡಿನ ಬೇರಿಗೂ ಮಳೆಗಾಡಿನ ಬೀಜಕ್ಕೂ ಹಿಮಾಲಯದ ಮೃಗಕ್ಕೂ ಯಾವ ನಂಟೂ ಇಲ್ಲ. ಆದರೂ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯ ಉಂಗುರ ಮಾಡಿಟ್ಟುಕೊಂಡಿವೆ. ನಮ್ಮ ಮೂಗು ಆ ಮೂರನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ.

1928ರಲ್ಲಿ ರುಜಿಚ್ಕಾ ಮತ್ತು ಅವರ ಜೊತೆಗಾರ ಸ್ಟಾಲ್ ಏಂಜೆಲಿಕಾದ ಈ ಉಂಗುರವನ್ನು ಪ್ರಯೋಗಾಲಯದಲ್ಲೇ ಮಾಡಿದರು. ಅದು ಎಕ್ಸಾಲ್ಟೊಲೈಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಅದೇ ಹೆಸರಿನಲ್ಲಿ ಸಿಗುತ್ತದೆ. ರುಜಿಚ್ಕಾ ಅವರಿಗೆ 1939ರಲ್ಲಿ ನೊಬೆಲ್ ಬಂದಾಗ, ಅದರ ಹಿಂದೆ ಈ ದೊಡ್ಡ ಉಂಗುರಗಳ ಕೆಲಸವೂ ಇತ್ತು. ಈ ಹಾದಿ ತೆರೆದದ್ದು ಕಸ್ತೂರಿ ಮೃಗಕ್ಕೂ ಒಳ್ಳೆಯದಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಅದನ್ನು ರಕ್ಷಿಸುತ್ತದೆ. ಆದ್ದರಿಂದ ‘ಅಸಲಿ ಕಸ್ತೂರಿ’ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಅದು ಸುಳ್ಳಾಗಿದ್ದರೆ ನಿಮಗೆ ಮೋಸ, ನಿಜವಾಗಿದ್ದರೆ ಅಪರಾಧ.

ಈಗ ನಿಮ್ಮ ಬಾಟಲಿಗೆ ಬರೋಣ. ಬೆಳಿಗ್ಗೆ ಪಟ್ಟಿಯಲ್ಲಿ ಏನೂ ಉಳಿದಿಲ್ಲದಿದ್ದರೆ? ಆಗ ಮೂರು ನಾಲ್ಕು ಸಾಧ್ಯತೆಗಳಿವೆ.

ಮೊದಲು ಲೇಬಲ್ ಮೇಲಿನ ಸಸ್ಯದ ಹೆಸರು ನೋಡಿ. ‘ಏಂಜೆಲಿಕಾ ಆರ್ಕೇಂಜೆಲಿಕಾ’ ಅಂತ ಇರಬೇಕು, ಪಕ್ಕದಲ್ಲಿ ‘ಬೇರು’ ಅಂತಲೂ ಇರಬೇಕು. ಇದರ ಬೀಜದಿಂದಲೂ ಎಣ್ಣೆ ತೆಗೆಯುತ್ತಾರೆ. ಬೀಜದ ಎಣ್ಣೆಯ ಬಹುಪಾಲು ಫೆಲಾಂಡ್ರೀನ್ ಒಂದೇ. ಚುರುಕಾಗಿ, ಹಗುರವಾಗಿ ಚೆನ್ನಾಗಿಯೇ ಇರುತ್ತದೆ, ಆದರೆ ಬೇರಿನ ಎಣ್ಣೆಯ ಆಳ ಅದಕ್ಕಿಲ್ಲ. ಬೆಲೆಯೂ ಕಡಿಮೆ. ಹಾಗಾಗಿ ಬೇರಿನ ಎಣ್ಣೆಗೆ ಬೀಜದ ಎಣ್ಣೆ ಬೆರೆಸಿ ಮಾರುವುದು ಹಳೆಯ ಚಾಳಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವ್ಯಾಪಾರಿಯಿಂದ ಕೊಂಡ ‘ಬೇರಿನ ಎಣ್ಣೆ’ ಸಂಜೆಯೊಳಗೆ ಪಟ್ಟಿಯಿಂದ ಪೂರ್ತಿ ಮಾಯವಾಗಿತ್ತು. ಆವತ್ತಿನಿಂದ ರಾತ್ರಿ ಪಟ್ಟಿ ಇಡದೆ ನಾನು ಈ ಎಣ್ಣೆ ಕೊಂಡಿಲ್ಲ.

ಇನ್ನೊಂದು, ಅದೇ ಕುಲದ ಬೇರೆ ಗಿಡಗಳು. ಚೀನಾದ ಔಷಧಿ ಅಂಗಡಿಗಳಲ್ಲಿ ಡಾಂಗ್ ಕ್ವಾಯ್ ಅಂತ ಸಿಗುವುದು ‘ಏಂಜೆಲಿಕಾ ಸೈನೆನ್ಸಿಸ್’. ನಮ್ಮ ಹಿಮಾಲಯದಲ್ಲಿ ಬೆಳೆಯುವುದು ‘ಏಂಜೆಲಿಕಾ ಗ್ಲಾಕಾ’. ಹಿಮಾಚಲದ ಕಡೆ ಚೋರಾ ಅಂತ, ಕುಮಾವೂಂ ಕಡೆ ಗಂದ್ರಾಯಣ ಅಂತ ಕರೆಯುತ್ತಾರೆ. ಅಲ್ಲಿನವರು ಅದರ ಒಣಬೇರನ್ನು ಬೇಳೆಗೆ ಒಗ್ಗರಣೆ ಹಾಕುತ್ತಾರೆ. ಈ ಎರಡರಲ್ಲೂ ಮೇಲುಗೈ ಲಿಗಸ್ಟಿಲೈಡ್ ಎಂಬ ವಸ್ತುವಿನದು. ಅದರ ವಾಸನೆ ಸೆಲೆರಿ ಹಾಕಿದ ಸೂಪಿನ ಹಾಗೆ. ನಿಮ್ಮ ಪಟ್ಟಿಯಲ್ಲಿ ಮರುದಿನ ಸೂಪು ಉಳಿದಿದ್ದರೆ, ನಿಮಗೆ ಬಂದಿರುವುದು ಈ ಎರಡರಲ್ಲಿ ಒಂದಿರಬಹುದು. ಚೋರಾ ಬೇರನ್ನು ಕಾಡಿನಿಂದ ಅತಿಯಾಗಿ ಕಿತ್ತು ಆ ಗಿಡವೇ ಅಪಾಯದಲ್ಲಿದೆ. ‘ಸ್ವದೇಶಿ ಏಂಜೆಲಿಕಾ’ ಅಂತ ಅಗ್ಗಕ್ಕೆ ಸಿಕ್ಕರೆ, ಬೆಳೆಸಿದ್ದಾ ಕಾಡಿನದಾ ಅಂತ ಕೇಳದೆ ತೆಗೆದುಕೊಳ್ಳಬೇಡಿ.

ಮೂರನೆಯದು ಬಟ್ಟಿ ಇಳಿಸುವ ರೀತಿ. ಹಬೆಯಲ್ಲಿ ಹಗುರ ವಸ್ತುಗಳು ಮೊದಲು ಬರುತ್ತವೆ, ಭಾರದ ಉಂಗುರಗಳು ಕೊನೆಗೆ. ಹಾಗಾಗಿ ಬೇರನ್ನು ತುಂಬ ಹೊತ್ತು ಹಬೆಯಲ್ಲಿ ಇಡಬೇಕು. ಸೌದೆಯೋ ಸಮಯವೋ ಉಳಿಸಲು ಬೇಗ ಒಲೆ ಆರಿಸಿದರೆ, ಎಣ್ಣೆ ಅಸಲಿಯೇ, ಆದರೆ ಅದರ ಬಾಲ ಕತ್ತರಿಸಿದ ಹಾಗೆ. ನೂರು ಕಿಲೋ ಒಣಬೇರಿನಿಂದ ಹೆಚ್ಚೆಂದರೆ ಒಂದು ಕಿಲೋ ಎಣ್ಣೆ ಬರುತ್ತದೆ, ಎಷ್ಟೋ ಸಲ ಅದರ ಅರ್ಧಕ್ಕಿಂತ ಕಡಿಮೆ. ನೀವು ಕೊಟ್ಟ ಜಾಸ್ತಿ ದುಡ್ಡಿನ ಲೆಕ್ಕ ಅಲ್ಲಿದೆ.

ಕೊನೆಯ ಸಾಧ್ಯತೆ ನಿಮ್ಮ ಮೂಗೇ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ನಾವು ಬೇಗ ಹೇಳಿಬಿಡುತ್ತೇವೆ. ಆದರೆ ಬೇರೆಲ್ಲ ವಾಸನೆ ಚೆನ್ನಾಗಿ ತಿಳಿಯುವ ಎಷ್ಟೋ ಜನರಿಗೆ ಒಂದೊಂದು ಬಗೆಯ ಕಸ್ತೂರಿ ನಿಜಕ್ಕೂ ಸಿಗುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು. ಪರ್ಫ್ಯೂಮ್ ಮಾಡುವವರಲ್ಲೂ ಅಂಥವರಿದ್ದಾರೆ. ಪಟ್ಟಿಯನ್ನು ಮನೆಯಲ್ಲಿ ಇನ್ನಿಬ್ಬರಿಗೆ ಕೊಟ್ಟು ಕೇಳಿ, ಏನು ಅಂತ ಮೊದಲೇ ಹೇಳಬೇಡಿ. ಅವರಿಗೆ ಸಿಕ್ಕು ನಿಮಗೆ ಸಿಗದಿದ್ದರೆ, ಆಂಬ್ರೆಟೊಲೈಡ್, ಎಥಿಲೀನ್ ಬ್ರಾಸಿಲೇಟ್ ಥರದ ಬೇರೆ ಕಸ್ತೂರಿಗಳನ್ನು ನೋಡಿ. ಒಂದು ಸಿಗದ ಮೂಗಿಗೆ ಇನ್ನೊಂದು ಚೆನ್ನಾಗಿ ಸಿಗುವುದುಂಟು.

ಇನ್ನು ಬಳಸುವುದು ಹೇಗೆ ಅನ್ನುವುದಕ್ಕೆ, ಗಿಡ ಎಲ್ಲಿಂದ ಬಂತು ಅಂತ ತಿಳಿದರೆ ಅನುಕೂಲ. ಇದು ಉತ್ತರ ಯುರೋಪಿನದು. ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆ ನೀರಿನ ಪಕ್ಕ ತಾನಾಗಿ ಬೆಳೆಯುತ್ತದೆ. ಆಳೆತ್ತರಕ್ಕೂ ಮೀರಿ ಬೆಳೆದು, ಒಂದೇ ಸಲ ಹೂ ಬಿಟ್ಟು, ಬೀಜ ಮಾಡಿ ಸಾಯುತ್ತದೆ. ಹಾಗಾಗಿ ಬೇರನ್ನು ಹೂವಿಗೆ ಮೊದಲೇ ಕೀಳಬೇಕು. ನಾರ್ವೆಯವರು ಇದನ್ನು ಕ್ವಾನ್ ಅನ್ನುತ್ತಾರೆ. ಸೊಪ್ಪು ತರಕಾರಿ ಅಪರೂಪವಾದ ಆ ಚಳಿಯಲ್ಲಿ ಇದರ ದಂಟೇ ತರಕಾರಿ. ಅಲ್ಲಿನ ಹಳೆಯ ಗುಲಾಟಿಂಗ್ ಕಾನೂನಿನಲ್ಲಿ ಕ್ವಾನ್ ತೋಟದಿಂದ ಕದಿಯುವವರ ಮಾತು ಪ್ರತ್ಯೇಕವಾಗಿ ಬರುತ್ತದೆ. ಫ್ರಾನ್ಸಿನ ನಿಯೋರ್ ಎಂಬ ಊರು ಇದೇ ದಂಟನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಮಾಡುವ ಹಸಿರು ಮಿಠಾಯಿಗೆ ಹೆಸರಾಗಿದೆ. ಒಣಬೇರು ಹೋಗುವುದು ಜಿನ್ ಎಂಬ ಮದ್ಯಕ್ಕೆ. ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು: ಈ ಮೂರು ಇಲ್ಲದ ಜಿನ್ ಅಪರೂಪ. ಅಲ್ಲಿ ಮಿಕ್ಕ ಮಸಾಲೆಗಳ ಪರಿಮಳವನ್ನು ಒಟ್ಟಿಗೆ ಹಿಡಿದಿಡುವುದೇ ಇದರ ಕೆಲಸ ಅಂತ ಜಿನ್ ಮಾಡುವವರು ಹೇಳುತ್ತಾರೆ.

ಪರ್ಫ್ಯೂಮ್‌ನಲ್ಲೂ ನಾನು ಇದನ್ನು ಹಾಗೇ ನೋಡುತ್ತೇನೆ. ಮೇಲಿನ ಚುರುಕು ಪರಿಮಳಗಳಿಗೂ ಕೆಳಗಿನ ಕಸ್ತೂರಿ, ಬೇರು, ಮರಗಳಿಗೂ ನಡುವೆ ಇದು ಸೇತುವೆ. ತಲೆ ಜೂನಿಪರ್ ಕಡೆಗಿದೆ, ಬಾಲ ಕಸ್ತೂರಿ ಕಡೆಗಿದೆ. ಸಾಮಾನ್ಯವಾಗಿ ನಿಂಬೆ, ಬೆರ್ಗಮಾಟ್ ಥರದ ಪರಿಮಳ ಹಾರಿಹೋದ ಮೇಲೆ ಒಂದು ಗುಂಡಿ ಬೀಳುತ್ತದೆ. ಹದಿನೈದು ನಿಮಿಷಕ್ಕೆ ಬೇರೆಯೇ ಪರ್ಫ್ಯೂಮ್ ಹಚ್ಚಿದ ಹಾಗೆ ಅನಿಸುತ್ತದೆ. ಏಂಜೆಲಿಕಾ ಒಂದು ಚೂರು ಇದ್ದರೆ ಆ ಗುಂಡಿ ಕಾಣುವುದಿಲ್ಲ.

ಇದನ್ನೇ ಮುಂದೆ ಇಟ್ಟು ಮಾಡಿದ ಎರಡು ಪರ್ಫ್ಯೂಮ್‌ಗಳಿವೆ. ಸಿಕ್ಕರೆ ಮೂಸಿ ನೋಡಿ. ಫ್ರೆಡರಿಕ್ ಮಾಲ್ ಎಂಬ ಪರ್ಫ್ಯೂಮ್ ಕಂಪನಿಗಾಗಿ ಜಾನ್-ಕ್ಲೋಡ್ ಎಲೆನಾ 2000ದಲ್ಲಿ ಮಾಡಿದ ‘ಆಂಜೆಲಿಕ್ ಸು ಲಾ ಪ್ಲೂಯಿ’. ಮಳೆಯಲ್ಲಿ ಏಂಜೆಲಿಕಾ ಅಂತ ಅರ್ಥ. ಅದು ಜೂನಿಪರ್ ಕಡೆಗೆ ವಾಲುತ್ತದೆ. ತಣ್ಣಗೆ, ಪಾರದರ್ಶಕವಾಗಿ, ಹಸಿ ದಂಟು ಮುರಿದ ಹಾಗೆ. ಇನ್ನೊಂದು ಗೆರ್ಲಾನ್ ಕಂಪನಿಗಾಗಿ ಡಾನಿಯೆಲಾ ಆಂಡ್ರಿಯೆ 2005ರಲ್ಲಿ ಮಾಡಿದ ‘ಆಂಜೆಲಿಕ್ ನ್ವಾರ್’. ಅದರಲ್ಲಿ ಅದೇ ಹಸಿರು ಕಹಿಗೆ ವೆನಿಲಾ ಜೊತೆಯಾಗಿದೆ. ಒಂದೇ ವಸ್ತುವನ್ನು ಒಬ್ಬರು ಮಳೆಗೆ, ಇನ್ನೊಬ್ಬರು ಸಿಹಿಗೆ ಎಳೆದಿದ್ದಾರೆ. ನನ್ನ ಮನಸ್ಸು ಮೊದಲನೆಯದರ ಕಡೆಗೆ. ವೆನಿಲಾ ಮುಂದೆ ಏಂಜೆಲಿಕಾದ ಬಾಲ ಮುಚ್ಚಿಹೋಗುತ್ತದೆ ಅಂತ ನನ್ನ ಅನಿಸಿಕೆ.

ನೀವು ಮನೆಯಲ್ಲಿ ಶುರು ಮಾಡಲು ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಎಲ್ಲವನ್ನೂ ಮೊದಲು ಆಲ್ಕೋಹಾಲ್‌ನಲ್ಲಿ 10%ಗೆ ತೆಳು ಮಾಡಿಟ್ಟುಕೊಳ್ಳಿ. ಬೆರ್ಗಮಾಟ್ 12 ಹನಿ, ಹೆಡಿಯೋನ್ (ತೆಳು ಮಲ್ಲಿಗೆಯಂಥ ಕೃತಕ ಪರಿಮಳ) 10, ಎಥಿಲೀನ್ ಬ್ರಾಸಿಲೇಟ್ 10, ಜೂನಿಪರ್ 4, ಲಾಮಂಚ 2, ಏಂಜೆಲಿಕಾ ಬೇರು 2. ಒಟ್ಟು 40 ಹನಿ. ಬೆರ್ಗಮಾಟ್ ಮಾತ್ರ ಫ್ಯೂರೊಕೂಮರಿನ್ ತೆಗೆದ ಬಗೆಯದೇ ಆಗಿರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನೊಂದು ಬಾಟಲಿಯಲ್ಲಿ ಏಂಜೆಲಿಕಾ ಬಿಟ್ಟು ಮಿಕ್ಕದ್ದನ್ನೆಲ್ಲ ಹಾಗೇ ಹಾಕಿ. ಎರಡನ್ನೂ ಒಂದು ವಾರ ಕತ್ತಲಲ್ಲಿಟ್ಟು ಪಟ್ಟಿಯಲ್ಲಿ ಪಕ್ಕಪಕ್ಕ ನೋಡಿ. ಏಂಜೆಲಿಕಾ ಇರುವ ಪಟ್ಟಿಯಲ್ಲಿ ‘ಇಗೋ ಏಂಜೆಲಿಕಾ’ ಅಂತ ಬೆರಳು ತೋರಿಸಲು ಆಗದಿದ್ದರೆ ಅದು ಸರಿಯಾಗಿದೆ ಅಂತ ಲೆಕ್ಕ. ಲಾಮಂಚದ ಜೊತೆ ಇದು ಎಷ್ಟು ಚೆನ್ನಾಗಿ ಕೂಡುತ್ತದೆ ಅಂದರೆ, ಯಾವ ಬೇರು ಎಲ್ಲಿ ಮುಗಿಯಿತು ಅಂತ ತಿಳಿಯುವುದೇ ಇಲ್ಲ. ಕೈ ಪಳಗಿದ ಮೇಲೆ ಬ್ರಾಸಿಲೇಟ್ ಜಾಗದಲ್ಲಿ ಕಾಡುಕಸ್ತೂರಿ ಬೀಜದ ಎಣ್ಣೆ ಹಾಕಿ ನೋಡಿ. 1927ರ ಆ ಎರಡು ಗಿಡಗಳು ಒಂದೇ ಬಾಟಲಿಯಲ್ಲಿ ಸಿಗುತ್ತವೆ.

ಮೈಗೆ ಹಚ್ಚುವ ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಬೇರಿನ ಎಣ್ಣೆಯಲ್ಲಿ ಫ್ಯೂರೊಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ, ಬಿಸಿಲಿನ ಅತಿನೇರಳೆ ಕಿರಣದ ಜೊತೆ ಸೇರಿ ಚರ್ಮದ ಜೀವಕೋಶಗಳನ್ನೇ ಸುಡುತ್ತವೆ. ಮೊದಲು ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಬೊಬ್ಬೆ ಏಳುತ್ತದೆ. ಆಮೇಲೆ ಕಪ್ಪು ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ನಮ್ಮ ಊರಿನ ಬಿಸಿಲು ನಾರ್ವೆಯ ಬಿಸಿಲಲ್ಲ.

ಅಂತಾರಾಷ್ಟ್ರೀಯ ಸುಗಂಧ ಸಂಸ್ಥೆ ಇಫ್ರಾ ಇದಕ್ಕೆ ಮಿತಿ ಇಟ್ಟಿದೆ. ಬಿಸಿಲು ತಾಗುವ ಚರ್ಮದ ಮೇಲೆ ಉಳಿಯುವ ವಸ್ತುವಿನಲ್ಲಿ, ಅಂದರೆ ಕೊನೆಗೆ ನೀವು ಹಚ್ಚಿಕೊಳ್ಳುವ ದ್ರವದಲ್ಲಿ, ಬೇರಿನ ಎಣ್ಣೆ 0.8% ದಾಟಬಾರದು. 10 ಗ್ರಾಂ ಪರ್ಫ್ಯೂಮ್‌ಗೆ 80 ಮಿಲಿಗ್ರಾಂ. ಶುದ್ಧ ಎಣ್ಣೆಯಲ್ಲಿ ಎರಡು ಹನಿ ತುಂಬುವುದಕ್ಕೆ ಮುಂಚೆಯೇ ಮಿತಿ ಮುಗಿಯುತ್ತದೆ. ಅದಕ್ಕೇ 10%ಗೆ ತೆಳು ಮಾಡಿ, ಸಾಧ್ಯವಾದರೆ ಹನಿ ಎಣಿಸುವುದು ಬಿಟ್ಟು ಸಣ್ಣ ತಕ್ಕಡಿಯಲ್ಲಿ ತೂಗಿ. ಮೇಲೆ ಹೇಳಿದ 40 ಹನಿಯ ಪ್ರಯೋಗದಲ್ಲಿ ಏಂಜೆಲಿಕಾ ಸುಮಾರು 0.5% ಬರುತ್ತದೆ.

ಸಾಮಾನ್ಯವಾಗಿ ತಪ್ಪಾಗುವುದು ಇನ್ನೊಂದು ಕಡೆ. ಬಿಸಿಲಿಗೆ ಸುಡುವ ಎಣ್ಣೆಗಳು ಎರಡಿದ್ದರೆ ಮಿತಿಯನ್ನು ಹಂಚಿಕೊಳ್ಳಬೇಕು. ಮಾಮೂಲಿ ಬೆರ್ಗಮಾಟ್‌ಗೆ ಮಿತಿ 0.4%. ನೀವು 0.2% ಬೆರ್ಗಮಾಟ್ ಹಾಕಿದರೆ ಅರ್ಧ ಪಾಲು ಅಲ್ಲೇ ಖರ್ಚಾಯಿತು. ಏಂಜೆಲಿಕಾಗೆ ಉಳಿಯುವುದು 0.4% ಮಾತ್ರ. ಫ್ಯೂರೊಕೂಮರಿನ್ ತೆಗೆದ ಬೆರ್ಗಮಾಟ್ ಹಾಕಿ ಅಂದದ್ದು ಇದಕ್ಕೇ. ಹಿಂಡಿ ತೆಗೆದ ನಿಂಬೆ ಜಾತಿಯ ಎಣ್ಣೆಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಬೀಜದ ಎಣ್ಣೆಗೆ ಈ ತೊಂದರೆ ಇಲ್ಲ. ಒತ್ತಡದ ಅನಿಲದಲ್ಲಿ ತೆಗೆದ ಬೇರಿನ ಸಾರ ಅಂತ ಒಂದು ಸಿಗುತ್ತದೆ. ಪರಿಮಳದಲ್ಲಿ ಅದು ತುಂಬ ಸೊಗಸು, ಆದರೆ ಹಬೆಯಲ್ಲಿ ಏರದ ಫ್ಯೂರೊಕೂಮರಿನ್‌ಗಳೂ ಅದರೊಳಗೆ ಬಂದಿರುತ್ತವೆ. ಸದ್ಯಕ್ಕೆ ಅದನ್ನು ಮೈಗೆ ಹಚ್ಚುವ ಯಾವುದಕ್ಕೂ ಹಾಕಬೇಡಿ. ಶುದ್ಧ ಎಣ್ಣೆ ಕೈಮೇಲೆ ಚೆಲ್ಲಿದರೆ ಸೋಪು ಹಾಕಿ ತೊಳೆದು, ಆವತ್ತು ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಇಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಪೈನೀನ್, ಕ್ಯಾರೀನ್‌ಗಳು ಗಾಳಿ ತಾಗಿದರೆ ಕೆಡುತ್ತವೆ. ಕೆಟ್ಟ ಎಣ್ಣೆ ಪೇಂಟ್ ಡಬ್ಬಿಯಂತೆ ನಾರುವುದಷ್ಟೇ ಅಲ್ಲ, ಚರ್ಮಕ್ಕೆ ಅಲರ್ಜಿಯನ್ನೂ ಮಾಡಬಹುದು. ನಾನು ಒಮ್ಮೆ ಅರ್ಧ ಖಾಲಿಯಾದ ಬಾಟಲಿಯನ್ನು ಕಿಟಕಿ ಪಕ್ಕ ಬಿಟ್ಟು, ಒಂದು ಬೇಸಿಗೆಯಲ್ಲಿ ಪೂರ್ತಿ ಕಳೆದುಕೊಂಡೆ. ನಿಮ್ಮ 5 ಮಿಲಿಯನ್ನು ಈಗಲೇ ಎರಡು ಮೂರು ಪುಟ್ಟ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ. ಒಂದನ್ನು ಮಾತ್ರ ತೆರೆದು ಬಳಸಿ. ತೆರೆದ ತಾರೀಖು ಲೇಬಲ್ ಮೇಲೆ ಬರೆದಿರಲಿ.

ನಾಳೆ ಬೆಳಿಗ್ಗೆ ನೋಡಿದ ಮೇಲೆ ಪಟ್ಟಿಯನ್ನು ಎಸೆಯಬೇಡಿ. ಎಣ್ಣೆ ಒಳ್ಳೆಯದಾಗಿದ್ದರೆ ನಾಡಿದ್ದೂ ಅದರಲ್ಲಿ ಏನೋ ಇರುತ್ತದೆ. ಎಷ್ಟನೇ ದಿನದವರೆಗೆ ಸಿಕ್ಕಿತು ಅಂತ ನನಗೆ ಬರೆದು ತಿಳಿಸಿ.